ಹೊದಿಕೆಯೊಳಗಿನ ಎಂಜಿನ್ನು

ಮನುಷ್ಯರಂತೆ ಮೋಟಾರು ಸೈಕಲ್ಲುಗಳಿಗೂ ಉಡುಪಿನ ಶೋಕಿ ಹತ್ತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ದಿ ಗಾಡಿಗಳನ್ನು ನಿಮ್ಮಲ್ಲಿ ಕೆಲವರು ಊರಿಗೆ ಹೋದಾಗ ನೋಡಿರಬಹುದು. ಅವುಗಳ ಎಂಜಿನ್ನು ಗರಡಿಮನೆಯ ಪೈಲ್ವಾನನಂತೆ ಬರಿಮೈಯಲ್ಲಿ ನಿಂತಿರುತ್ತದೆ. ಈಗಿನ ಕೆಲವು ಗಾಡಿಗಳಿಗಾದರೋ ಮೂತಿಯಿಂದ ಹೊಟ್ಟೆಯವರೆಗೆ ಪ್ಲಾಸ್ಟಿಕ್ಕಿನ ಕವಚ. ವೇಗದಲ್ಲಿ ಎದುರುಗಾಳಿಯನ್ನು ಸೀಳಿ ಸವಾರನ ಪಕ್ಕಕ್ಕೆ ಸರಿಸುವುದು ಅದರ ಉದ್ದೇಶ. ಅಗ್ಗಕ್ಕೆ ಸಿಕ್ಕಿತೆಂದು ನಾನು ಕೊಂಡ ಹಳೆಯ ಗಾಡಿಯೂ ಇಂಥದ್ದೇ. ಕುರ್ಲಾದಿಂದ ಸಾಕಿನಾಕಾದವರೆಗೆ ಆಮೆಯಂತೆ ತೆವಳುವ ಅದಕ್ಕೆ ಸೀಳಲು ಗಾಳಿ ಎಲ್ಲಿಯದು!

ಉಡುಪು ಎಷ್ಟೇ ಚೆಂದವಿರಲಿ, ಒಳಗಿನ ಎಂಜಿನ್ನು ಬದುಕುವುದು ಎಣ್ಣೆಯಿಂದ. ನಮ್ಮ ನಾಲ್ಕು ಹೊಡೆತದ ಮೋಟಾರು ಸೈಕಲ್ಲುಗಳಲ್ಲಿ ಹೆಚ್ಚಿನವುಗಳ ಪಿಸ್ಟನ್ನಿಗೂ ಗಿಯರಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಒಂದೇ ಅಡುಗೆಮನೆಯಿಂದ ಮೂರು ಸಂಸಾರಗಳು ಉಂಡಂತೆ. ಆದಕಾರಣ ಕಾರಿನ ಎಣ್ಣೆ ಇದಕ್ಕೆ ಸಲ್ಲದು. ಅದರಿಂದ ಕ್ಲಚ್ಚು ಜಾರಬಹುದು. ಎಣ್ಣೆ ಕಪ್ಪಾಯಿತೆಂದು ಗಾಬರಿಯಾಗಬೇಕಾಗಿಲ್ಲ. ಉರಿಯುವಾಗ ಹುಟ್ಟುವ ಮಸಿಯನ್ನು ತನ್ನಲ್ಲಿ ಹಿಡಿದಿಟ್ಟು ಎಂಜಿನ್ನನ್ನು ಶುಚಿಯಾಗಿಡುವುದೂ ಅದರ ಕೆಲಸ. ಆದರೆ ಹಿಡಿದಿಡುವ ಶಕ್ತಿಗೂ ಒಂದು ಮಿತಿಯುಂಟು. ಅದು ತೀರುವ ಮೊದಲೇ ಎಣ್ಣೆ ಬದಲಿಸಬೇಕು.

ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಿದ್ದೆ. ಮಿಸ್ತ್ರಿ ಅವಸರದಲ್ಲಿ ಕವಚ ಬಿಚ್ಚಿ ಅವಸರದಲ್ಲೇ ಹಾಕಿದ. ಒಂದು ಬೋಲ್ಟು ಕಾಣೆಯಾಯಿತು. ಅಂದಿನಿಂದ ಕವಚ ಗಡಗಡನೆ ಹಲ್ಲು ಕಡಿಯತೊಡಗಿತು. ಮುಂದಿನ ಸಲ ನಾನೇ ಬಿಚ್ಚುವೆನೆಂದು ನಿಶ್ಚಯಿಸಿದೆ. ಒಂದು ಭಾನುವಾರ, ನೆರೆಯಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನೆರವಿಗೆ ಬಂದ.

ಐದು ನಿಮಿಷ ಎಂಜಿನ್ನು ಓಡಿಸಿ ನಿಲ್ಲಿಸಿದೆವು. ಬಿಸಿಯಾದ ಎಣ್ಣೆ ಸಲೀಸಾಗಿ ಹರಿಯುತ್ತದೆ. ಸೈಲೆನ್ಸರು ಆರುವವರೆಗೆ ಕವಚದ ಕಡೆ ಗಮನ ಕೊಟ್ಟೆವು. ಮೊದಲು ಸೀಟು, ಅನಂತರ ಪಕ್ಕದ ಹಲಗೆಗಳು, ಕೊನೆಗೆ ಹೊಟ್ಟೆಯ ಕವಚ. ಬೋಲ್ಟು ತೆಗೆದೊಡನೆ ಕವಚ ಕೈಗೆ ಬರುವುದಿಲ್ಲ. ಅದರ ಒಳಮೈಯಲ್ಲಿ ಪುಟ್ಟ ಗೂಟಗಳಿದ್ದು, ರಬ್ಬರಿನ ಬಳೆಗಳಲ್ಲಿ ಕೂತಿರುತ್ತವೆ. ಎಲ್ಲಿ ಸಿಕ್ಕಿದೆಯೆಂದು ಬೆರಳಿಂದ ತಡವಿ, ನೇರವಾಗಿ ಎಳೆಯಬೇಕು. ಓರೆಯಾಗಿ ಸೆಳೆದರೆ ಗೂಟ ಮುರಿಯುತ್ತದೆ. ದೀಪದ ತಂತಿಯೇನಾದರೂ ಕವಚಕ್ಕೆ ಅಂಟಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು.

ಬೋಲ್ಟುಗಳು ನೋಡಲು ಒಂದೇ ತೆರನಾದರೂ ಉದ್ದ ಬೇರೆ ಬೇರೆ. ಗಿಡ್ಡನದರ ಜಾಗದಲ್ಲಿ ಉದ್ದನೆಯದನ್ನು ತಿರುಗಿಸಿದರೆ ಹಿಂದಿರುವ ಭಾಗಕ್ಕೆ ಪೆಟ್ಟು. ಅದಕ್ಕಾಗಿ ಮನೆಯ ಹಳೆಯ ಇಡ್ಲಿ ತಟ್ಟೆಗಳನ್ನು ತಂದು, ಕುಳಿಗಳ ಪಕ್ಕದಲ್ಲಿ ಸೀಮೆಸುಣ್ಣದಿಂದ ಕ, ಖ, ಗ, ಘ ಎಂದು ಬರೆದೆ. ಹುಡುಗ ಕಾಗದದ ಮೇಲೆ ಗಾಡಿಯ ಚಿತ್ರ ಬರೆದು, ಯಾವ ಬೋಲ್ಟು ಎಲ್ಲಿಯದೆಂದು ಅದೇ ಅಕ್ಷರಗಳಿಂದ ಗುರುತಿಸಿದ.

ಆಗ ಅವನು ಮೆಲ್ಲನೆ ಹೇಳಿದ: “ಸರ್, ಮಷೀನಿನ ಕೆಲಸ ಕಲಿಯುವುದಕ್ಕೆ ಕನ್ನಡ ಶಾಲೆ ಪ್ರಯೋಜನವಿಲ್ಲವಂತೆ. ಬಿಡಿಸಿಬಿಡೋಣ ಎಂದು ಮಾವ ಅಪ್ಪನ ಹತ್ತಿರ ಹೇಳುತ್ತಿದ್ದರು.”

ಇಂಗ್ಲಿಷ್ ಬೇಡವೆಂದು ನಾನು ಹೇಳಲಿಲ್ಲ. ನಮ್ಮ ಮುಂದಿದ್ದ ಕೈಪಿಡಿಯೇ ಇಂಗ್ಲಿಷಿನದು. ಅದರ ಪುಟವನ್ನು ಇಬ್ಬರೂ ಕೂಡಿ ಓದಿದೆವು, ಅರ್ಥವನ್ನು ಕನ್ನಡದಲ್ಲಿ ಆಡಿಕೊಂಡೆವು. ಬಳಿಕ ಅವನಿಗೆ ಲಕ್ಷ್ಮಣರಾವ್ ಕಿರ್ಲೋಸ್ಕರರ ಮಾತು ಹೇಳಿದೆ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಚಿತ್ರಕಲೆ ಕಲಿಯಲು ಈ ಮುಂಬಯಿಗೆ ಬಂದರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ಕಣ್ಣಿನ ದೋಷದಿಂದ ಆ ದಾರಿ ಮುಚ್ಚಿತು. ಯಂತ್ರಗಳ ನಕ್ಷೆ ಬರೆಯುವುದಕ್ಕೆ ಬಣ್ಣ ಬೇಕಿರಲಿಲ್ಲ. ಇಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅವರು ಅದನ್ನೇ ಕಲಿಸುವ ಉಪಾಧ್ಯಾಯರಾದರು. 1888ರಲ್ಲಿ ಬೆಳಗಾವಿಯಲ್ಲಿ ಅವರ ಸೈಕಲ್ ಅಂಗಡಿ ತೆರೆಯಿತು. 1910ರಲ್ಲಿ ಕಿರ್ಲೋಸ್ಕರವಾಡಿ ಮೊದಲಾಯಿತು. ಹುಡುಗ ತಾನು ಬರೆದ ಚಿತ್ರವನ್ನು ಇನ್ನೊಮ್ಮೆ ನೋಡಿಕೊಂಡ.

ತಳದ ಬೋಲ್ಟನ್ನು ಪಾನಾದಿಂದ ಸಡಿಲಿಸಿ, ಹಳೆಯ ಎಣ್ಣೆಯನ್ನು ಬೋಗುಣಿಗೆ ಇಳಿಸಿದೆವು. ಹೊಸ ವಾಶರು ಹಾಕಿ ಬೋಲ್ಟು ಬಿಗಿದೆವು. ಅಲ್ಯೂಮಿನಿಯಮ್ಮಿನ ಮೈಗೆ ಉಕ್ಕಿನ ಬೋಲ್ಟು. ತೋಳ್ಬಲ ತೋರಿಸಿದರೆ ಮರೆ ಕಿತ್ತುಹೋಗುತ್ತದೆ. ಶೋಧಕ ಬದಲಿಸಿ, ಕೈಪಿಡಿ ಹೇಳಿದಷ್ಟೇ ಹೊಸ ಎಣ್ಣೆ ಸುರಿದು, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಮಟ್ಟ ನೋಡಿದೆವು.

ಹಳೆಯ ಎಣ್ಣೆಯನ್ನು ಏನು ಮಾಡುವುದು? ಗಟಾರ ಎರಡು ಹೆಜ್ಜೆಯ ದೂರದಲ್ಲಿತ್ತು. ಆದರೆ ನಮ್ಮ ಕಡೆಯ ನಾಲೆಗಳು ಸೇರುವುದು ಮೀಠಿ ನದಿಯನ್ನು. ಅದು ಮಾಹಿಮಿನ ಬಳಿ ಸಮುದ್ರಕ್ಕೆ ಬೀಳುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದಾಗ ಇದೇ ನದಿ ಉಕ್ಕಿ ಕುರ್ಲಾದ ಮನೆಗಳಿಗೆ ನುಗ್ಗಿತು. ನಾವು ನದಿಗೆ ಕೊಟ್ಟದ್ದನ್ನು ನದಿ ನಮ್ಮ ಹೊಸ್ತಿಲಿಗೇ ತರುತ್ತದೆ. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆ ಗಾಳಿಯನ್ನು ಒಳಗೆ ಬಿಡದು. ಜಲಚರಗಳು ಉಸಿರು ಕಟ್ಟುತ್ತವೆ. 2016ರ ಕೇಂದ್ರ ಸರಕಾರದ ನಿಯಮಗಳೂ ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲಿ ಇಟ್ಟಿವೆ. ಅದನ್ನು ಮತ್ತೆ ಶುದ್ಧೀಕರಿಸಿ ಬಳಸಬಹುದು. ಆದುದರಿಂದ ಡಬ್ಬಿಗೆ ತುಂಬಿ, ಹಳೆಯ ಎಣ್ಣೆಯನ್ನು ಪೀಪಾಯಿಯಲ್ಲಿ ಕೂಡಿಟ್ಟು ಶುದ್ಧೀಕರಣಕ್ಕೆ ಕಳುಹಿಸುವ ಒಂದು ಗ್ಯಾರೇಜಿಗೆ ಒಪ್ಪಿಸಿದೆವು.

ಬಿಚ್ಚಿದ್ದಕ್ಕಿಂತ ಜೋಡಿಸುವುದು ನಿಧಾನದ ಕೆಲಸ. ಪ್ರತಿಯೊಂದು ಬೋಲ್ಟನ್ನೂ ಬೆರಳಿನಿಂದ ಎರಡೆರಡು ಸುತ್ತು ತಿರುಗಿಸಿ, ಎಲ್ಲವೂ ತಮ್ಮ ತಮ್ಮ ರಂಧ್ರದಲ್ಲಿ ಕೂತ ಮೇಲೆ ಬಿಗಿಯಬೇಕು. ಒಂದನ್ನು ಮೊದಲೇ ಬಿಗಿದರೆ ಉಳಿದವಕ್ಕೆ ರಂಧ್ರ ಸೇರುವುದಿಲ್ಲ. ಹುಡುಗ ಚಿತ್ರ ನೋಡುತ್ತ ‘ಕ’, ‘ಖ’ ಎಂದು ಕರೆದ, ನಾನು ತೆಗೆದುಕೊಟ್ಟೆ. ಇಡ್ಲಿ ತಟ್ಟೆ ಬರಿದಾಯಿತು. ಕವಚದ ಗಡಗಡ ಸದ್ದೂ ನಿಂತಿತು.

ವಿದ್ಯಾರ್ಥಿ ಮಿತ್ರರೇ, ಆ ಹುಡುಗ ಮುಂದೆ ಯಾವ ಶಾಲೆಯಲ್ಲಿ ಓದುವನೆಂಬುದು ಅವನ ಮನೆಯವರ ತೀರ್ಮಾನ. ಆದರೆ ನಿಮ್ಮ ಮನೆಯ ಫ್ಯಾನು, ಹೊಲಿಗೆಯಂತ್ರ, ಸೈಕಲ್ಲು ಯಾವುದೇ ಇರಲಿ, ಹಿರಿಯರನ್ನು ಕೇಳಿ, ವಿದ್ಯುತ್ತಿನದಾದರೆ ಅದನ್ನು ತಪ್ಪಿಸಿ, ಒಮ್ಮೆ ಹೊದಿಕೆ ತೆರೆದು ನೋಡಿರಿ. ಬಿಚ್ಚುವ ಮೊದಲು ಚಿತ್ರ ಬರೆದುಕೊಳ್ಳಿರಿ. ಭಾಗಗಳಿಗೆ ನಿಮಗೆ ಬರುವ ಅಕ್ಷರಗಳಲ್ಲೇ ಹೆಸರಿಡಿರಿ. ತೆರೆದುದನ್ನು ಮತ್ತೆ ಇದ್ದಂತೆಯೇ ಮುಚ್ಚಲು ಬಂದರೆ, ಆ ಪಾಠ ನಿಮಗೆ ಬಂದಿತೆಂದೇ ತಿಳಿಯಿರಿ.