ಸೊಪ್ಪೋ, ಉಪ್ಪೋ

ವಿಜಯನಗರದ ಮಾರುಕಟ್ಟೆಗೆ ಹೊರಟಿದ್ದ ಸೊಸೆ ಬಾಗಿಲಲ್ಲಿ ನಿಂತು, "ಅತ್ತೆ, ಸೊಪ್ಪು ತರಲಾ?" ಎಂದು ಕೇಳಿದಳು. "ಬೇಡಮ್ಮ, ಡಬ್ಬಿಯ ತುಂಬ ಇದೆ" ಎಂದೆ. ಅವಳು ಕ್ಷಣಕಾಲ ಸುಮ್ಮನಿದ್ದು, ಹತ್ತಿರ ಬಂದು, "ಉಪ್ಪಲ್ಲ ಅತ್ತೆ, ಸೊಪ್ಪು" ಎಂದಳು. 2016ರ ಈ ಪ್ರಸಂಗ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಇಂದಿಗೂ ನಗೆಯ ವಸ್ತು. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ.

ನನ್ನ ಸಂಧಿವಾತದ ವಿಷಯ ನೀವೆಲ್ಲ ಬಲ್ಲಿರಿ. 1997ರಲ್ಲಿ ಬೆರಳಿನ ಗೆಣ್ಣುಗಳಿಂದ ಆರಂಭವಾದ ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದಂತೆ ಕೀಲು ಸವೆದು ಬರುವ ಮಂಡಿನೋವು ಬೇರೆ, ಇದು ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ದಿಕ್ಕು ತಪ್ಪಿ ಕೀಲಿನ ಒಳಪೊರೆಯ ಮೇಲೆ ಎರಗುವ ಕಾಯಿಲೆ ಇದು. ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿದು ನಾನು ಬರೆಯುತ್ತಿದ್ದ ವಕ್ರಾಕ್ಷರಗಳನ್ನು ರಾಜಾಜಿನಗರದ ಶಾಲೆಯಲ್ಲಿ ಓದಿದವರು ಮರೆತಿರಲಾರರು.

ಆ ಹಲಗೆಯ ಮೇಲೆಯೇ ವರ್ಷವರ್ಷವೂ ಕಿವಿಯ ಚಿತ್ರ ಬರೆದು, ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳನ್ನು ಬಾಯಿಪಾಠ ಮಾಡಿಸಿದವಳು ನಾನು. ರಿಕಾಪು ದೇಹದ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್. ಆ ಪುಟ್ಟ ಮೂಳೆಗಳು ಒಂದಕ್ಕೊಂದು ಕೂಡುವಲ್ಲಿಯೂ ಬೆರಳಿನ ಗೆಣ್ಣಿನಲ್ಲಿರುವಂಥ ಒಳಪೊರೆಯುಳ್ಳ ಕೀಲುಗಳಿವೆ ಎಂದು ನಾನು ಯಾರಿಗೂ ಪಾಠ ಹೇಳಲಿಲ್ಲ. ನನಗೇ ತಿಳಿದಿರಲಿಲ್ಲ. ಅದನ್ನು ಓದಿದ ದಿನ, ಬೆರಳಿಗೆ ಬಂದದ್ದೇ ಕಿವಿಗೂ ಬಂದಿದೆ ಎಂದು ತೀರ್ಮಾನಿಸಿ, ಹಳೆಯ ವಿಜ್ಞಾನ ಮೇಡಂ ತಾನೇ ಕಾರಣ ಕಂಡುಹಿಡಿದಳೆಂದು ಬೀಗಿದೆ.

ಪರೀಕ್ಷೆ ನನ್ನ ಜಂಬವನ್ನು ಇಳಿಸಿತು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ಬಂದ ಹುಡುಗಿಯೊಬ್ಬಳು ನನ್ನನ್ನು ನಿಶ್ಶಬ್ದದ ಕೋಣೆಯಲ್ಲಿ ಕೂರಿಸಿ, ಮೊದಲು ಕಿವಿಯ ಮೂಲಕ, ಬಳಿಕ ಕಿವಿಯ ಹಿಂದಿನ ಎಲುಬಿಗೆ ಕಂಪನ ಕೊಟ್ಟು ಪರೀಕ್ಷಿಸಿದಳು. ಮೂಳೆಗಳ ಸರಪಣಿ ಕೆಟ್ಟಿದ್ದರೆ ಎಲುಬಿನ ದಾರಿಯಲ್ಲಿ ಚೆನ್ನಾಗಿ ಕೇಳಿಸಬೇಕಿತ್ತು. ನನಗೆ ಎರಡೂ ಒಂದೇ. ದೋಷ ಒಳಗಿವಿಯ ಶಂಖದಲ್ಲಿತ್ತು; ಈ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವುದೂ ಅದೇ ಎಂದಳು. ಏರುದನಿಗಳು ಮೊದಲು ಹೋಗಿದ್ದವು. 'ಸ', 'ಶ'ಗಳು ಅಳಿದು ಸ್ವರಗಳು ಉಳಿದಿದ್ದವು. ಯಾರೋ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಸೊಪ್ಪು ಉಪ್ಪಾದ ಗುಟ್ಟು ಇದು.

ಕಾಯಿಲೆಯಿಂದಲೋ, ವಯಸ್ಸಿನಿಂದಲೋ, ಔಷಧದಿಂದಲೋ ಎಂದು ಆಕೆ ಖಚಿತವಾಗಿ ಹೇಳಲಿಲ್ಲ. ನನಗೆ ಆ ಪ್ರಾಮಾಣಿಕತೆ ಹಿಡಿಸಿತು. ಆರಂಭದ ದಿನಗಳಲ್ಲಿ ಆಸ್ಪಿರಿನ್ ಹೆಚ್ಚು ನುಂಗುತ್ತಿದ್ದಾಗ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತಿತ್ತು. ಪ್ರಮಾಣ ಇಳಿಸಿದಾಗ ನಿಂತಿತು. ಅನಂತರ ಬಂದದ್ದು ಹೈಡ್ರಾಕ್ಸಿಕ್ಲೋರೋಕ್ವಿನ್. ಅದರಿಂದ ಅಪರೂಪಕ್ಕೆ ಕಿವಿಗೂ ತೊಂದರೆಯಾಗಬಹುದಂತೆ. (ಹಾಗೆಂದು ನಿಮ್ಮಲ್ಲಿ ಯಾರೂ ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ, ಬಿಟ್ಟರೆ ಏನಾಗುತ್ತದೆಂದು ನನ್ನ ಬೆರಳುಗಳನ್ನು ಕೇಳಿ.) ಆ ಮಾತ್ರೆಗಾಗಿ ಕಣ್ಣಿನ ಪರೀಕ್ಷೆಗೆ ಕಳಿಸುತ್ತಿದ್ದರು. ಮಂಡಿ, ಮಣಿಕಟ್ಟು ಒತ್ತಿ ನೋಡುತ್ತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಕಿವಿ ಹೇಗಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಶ್ರವಣ ಸಾಧನ ಬಂತು. ಅದರ ಬ್ಯಾಟರಿ ಹುಣಸೆ ಬೀಜಕ್ಕಿಂತ ಚಿಕ್ಕದು. ಹಿಂದಿನ ಅಂಟುಚೀಟಿ ಕಿತ್ತರೆ ಗಾಳಿ ಒಳಹೊಕ್ಕು ಅದು ಕೆಲಸ ಆರಂಭಿಸುತ್ತದೆ. ಆ ಚೀಟಿ ಕೀಳಲು ನೆಟ್ಟಗಿನ ಬೆರಳು ಬೇಕು! ಮೊಮ್ಮಗ ಶಾಲೆಗೆ ಹೋಗುವ ಮುನ್ನ ಹಾಕಿಕೊಟ್ಟರೆ ಕಿವಿ, ಇಲ್ಲದಿದ್ದರೆ ಸಂಜೆಯವರೆಗೆ ಮೌನವ್ರತ. ಈಗ ಚಾರ್ಜ್ ಮಾಡುವ ಸಾಧನ ಕೊಡಿಸಿದ್ದಾರೆ. ರಾತ್ರಿ ಡಬ್ಬಿಯಲ್ಲಿಟ್ಟರೆ ಸಾಕು.

ಅಂದು ನಿದ್ರೆ ಬಾರದ್ದಕ್ಕೆ ಕಾರಣ ಬೇರೆ. 2003ರ ಎಂಟನೆಯ ತರಗತಿ, ಬಿ ವಿಭಾಗ, ಕಡೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ ಸಣ್ಣ ದನಿಯ ಹುಡುಗಿ. ಹಾಜರಿ ಕೂಗಿದಾಗ ಉತ್ತರಿಸುವುದಿಲ್ಲವೆಂದು ಅವಳನ್ನು ಎರಡು ದಿನ ಹೊರಗೆ ನಿಲ್ಲಿಸಿದೆ. ಪ್ರಗತಿಪತ್ರದಲ್ಲಿ 'ಉದ್ಧಟತನ' ಎಂದು ಬರೆದೆ. ಅದನ್ನು ನೋಡಿ ಅವಳ ತಂದೆ ಶಾಲೆಗೆ ಬಂದು, ಕೈಕಟ್ಟಿ ನಿಂತು, ನನ್ನಲ್ಲಿ ಕ್ಷಮೆ ಕೇಳಿ ಹೋದರು. ಅವಳು "ಯೆಸ್ ಮಿಸ್" ಎಂದೇ ಇದ್ದಿರಬೇಕು. ಆ ಎರಡು ಪದಗಳಲ್ಲಿ ಎಷ್ಟು 'ಸ'ಕಾರಗಳಿವೆ, ನೋಡಿ.

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷ ಅವಳೊಡನೆ ಕೂತವರು ಇದನ್ನು ಓದಿದರೆ ಗುರುತಿಸುತ್ತೀರಿ. ಮದುವೆಯಾಗಿ ಕೆಂಗೇರಿಯ ಕಡೆ ಇದ್ದಾಳೆಂದು ಕೇಳಿದ್ದೆ. ದಯವಿಟ್ಟು ತಿಳಿಸಿ. ಫೋನ್ ಬೇಡ, ಫೋನಿನಲ್ಲಿ ನನಗೆ ಈಗಲೂ ಅರ್ಧ ಮಾತು ತಪ್ಪಿಹೋಗುತ್ತದೆ. ಮನೆಗೇ ಬರಲಿ. ಎದುರಿಗೆ ಕೂತರೆ ತುಟಿ ನೋಡಿ ಕೇಳಿಸಿಕೊಳ್ಳುತ್ತೇನೆ.