ಕಪ್ಪೆಯ ಹಾಸಿಗೆ

ಮನೆಯಲ್ಲಿ ಎಳೆಗೂಸು ಇದ್ದರೆ ಅದರ ಹಾಸಿಗೆ ಒದ್ದೆಯಾಗಿದೆಯೇ ಎಂದು ಆಗಾಗ ಮುಟ್ಟಿ ನೋಡುವುದು ಹಿರಿಯರ ಕೆಲಸ. ನನ್ನ ಮಗನ ಕಾಲದಲ್ಲಿ ಆ ಕೆಲಸವನ್ನು ಅವನ ಅಜ್ಜಿ ಮಾಡಿದರು. ನಾನು ಪತ್ರಿಕೆ ಓದುತ್ತ ಕುಳಿತಿದ್ದೆ. ಆ ಋಣ ತೀರಲೆಂದೋ ಏನೋ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ಪಾಲಿಗೂ ಒಂದು ಹಾಸಿಗೆಯ ಪಾರುಪತ್ಯ ಬಂದಿತು. ವ್ಯತ್ಯಾಸವಿಷ್ಟೆ: ಈ ಹಾಸಿಗೆ ಒದ್ದೆಯಾದರೆ ಚಿಂತೆಯಿಲ್ಲ, ಒಣಗಿದರೆ ಗಂಡಾಂತರ. ಕಡೆಯಪಕ್ಷ ನಾನು ಹಾಗೆ ತಿಳಿದುಕೊಂಡಿದ್ದೆ. ಅದರಲ್ಲಿ ಮಲಗಿದ್ದವನು ಒಂದು ಕಪ್ಪೆ.

ಇದು ನಡೆದದ್ದು ಅಮೆರಿಕದ ಡೆನ್ವರ್ ನಗರದಲ್ಲಿ, 2023ರ ಡಿಸೆಂಬರ್ ಕೊನೆಯಲ್ಲಿ. ಮಗನ ಮನೆ ಅಲ್ಲಿದೆ. ಹನ್ನೊಂದು ವರ್ಷದ ಮೊಮ್ಮಗ ಕಪ್ಪೆ ಸಾಕಿದ್ದಾನೆಂದು ಫೋನಿನಲ್ಲಿ ಕೇಳಿದ್ದೆ, ತಮಾಷೆ ಎಂದುಕೊಂಡಿದ್ದೆ. ನಮ್ಮ ಕಡೆ ಕಪ್ಪೆಯನ್ನು ಯಾರೂ ಸಾಕುವುದಿಲ್ಲ. ಅದು ತಾನಾಗಿಯೇ ಬಚ್ಚಲಿಗೆ ಬಂದು ಹಂಡೆಯ ಹಿಂದೆ ಸೇರಿಕೊಳ್ಳುತ್ತದೆ. ಹೆಂಗಸರು ಪೊರಕೆ ತಂದರೆ ಹೊರಡುತ್ತದೆ. ಮರುದಿನ ಯಾವ ಬೇಸರವೂ ಇಲ್ಲದೆ ಮತ್ತೆ ಬರುತ್ತದೆ. ಇಲ್ಲಿ ನೋಡಿದರೆ ಕಪ್ಪೆಗೆ ಗಾಜಿನ ತೊಟ್ಟಿ, ದೀಪ, ಬೆಚ್ಚಗಿಡುವ ಪಟ್ಟಿ, ಗೋಡೆಗೆ ಗಡಿಯಾರದಂಥ ಎರಡು ಮಾಪಕಗಳು! ನನ್ನ ಕೋಣೆಗಿಂತ ಅದರ ಕೋಣೆಯ ಏರ್ಪಾಡೇ ಚೆನ್ನಾಗಿತ್ತು.

ಕಪ್ಪೆಯೂ ಸಾಮಾನ್ಯದ್ದಲ್ಲ. ದಕ್ಷಿಣ ಅಮೆರಿಕದ ಅರ್ಜೆಂಟೀನ, ಪರಾಗ್ವೆ, ಬೊಲಿವಿಯಗಳ ಕಡೆಯ ಕೋಡುಗಪ್ಪೆ. ಅಂಗೈಯಗಲದ ದುಂಡು ಮೈ, ಹಸಿರು ಕಂದು ಮಚ್ಚೆ, ಕಣ್ಣಿನ ಮೇಲೆ ಕೋಡಿನಂತೆ ಚೂಪಾದ ಚರ್ಮ, ಮುಖವೆಲ್ಲ ಬಾಯಿ. 1980ರಲ್ಲಿ ಬಂದ ‘ಪ್ಯಾಕ್‌ಮ್ಯಾನ್’ ಎಂಬ ಆಟದಲ್ಲಿ ಬಾಯಿ ತೆರೆದುಕೊಂಡು ಎಲ್ಲವನ್ನೂ ನುಂಗುತ್ತ ಹೋಗುವ ಉರುಟು ಬೊಂಬೆಯೊಂದಿದೆಯಲ್ಲ, ಅದರ ಹೆಸರನ್ನೇ ಅಲ್ಲಿಯವರು ಇದಕ್ಕೆ ಇಟ್ಟಿದ್ದಾರೆ. ಮೊಮ್ಮಗ ಇಟ್ಟ ಹೆಸರು ‘ಗುಂಡ’. ಗುಂಡನಿಗೆ ಬೇರೆ ಉದ್ಯೋಗವಿಲ್ಲ. ಹಾಸಿನಲ್ಲಿ ಕಣ್ಣಿನವರೆಗೆ ಹೂತುಕೊಂಡು ದಿನಗಟ್ಟಲೆ ಸುಮ್ಮನೆ ಕುಳಿತಿರುವುದೇ ಅವನ ಕೆಲಸ. ನಿವೃತ್ತನಾದ ನನಗೆ ಅವನ ಮೇಲೆ ಕೂಡಲೇ ಒಂದು ಬಗೆಯ ಸ್ನೇಹ ಹುಟ್ಟಿತು.

ಆ ಹಾಸು ಯಾವುದೆಂದು ಕೇಳಿ: ನಮ್ಮ ತೆಂಗಿನ ನಾರಿನ ಪುಡಿ! ಇಟ್ಟಿಗೆಯಂತೆ ಒತ್ತಿ ಕಟ್ಟಿದ್ದನ್ನು ಅಂಗಡಿಯಿಂದ ತಂದು ನೀರಿನಲ್ಲಿ ಹಾಕಿದರೆ ಅರಳಿ ಬುಟ್ಟಿ ತುಂಬುತ್ತದೆ. ಹೊದಿಕೆಯ ಮೇಲೆ ‘ಇಂಡಿಯಾದಲ್ಲಿ ತಯಾರಾದದ್ದು’ ಎಂದಿತ್ತು. ತಿಪಟೂರಿನ ಸೀಮೆಯಲ್ಲಿ ಬೆಳೆದ ನನಗೆ ಆ ವಾಸನೆ ಬಂದಾಗ ಹೊಟ್ಟೆಯಲ್ಲಿ ಏನೋ ಆಯಿತು. ನಮ್ಮ ತಂದೆ ತೆಂಗಿನ ಮರಗಳ ಸುತ್ತ ಗುಂಡಿ ತೆಗೆಸಿ, ಕಾಯಿ ಸುಲಿದ ಸಿಪ್ಪೆಗಳನ್ನು ಬಟ್ಟಲಿನಂತೆ ಮೇಲ್ಮುಖವಾಗಿ ಜೋಡಿಸಿ ಮುಚ್ಚಿಸುತ್ತಿದ್ದರು. ಮಳೆಗಾಲದಲ್ಲಿ ಅವು ನೀರು ಕುಡಿದು, ಬೇಸಿಗೆಯಲ್ಲಿ ಬೇರಿಗೆ ಸ್ವಲ್ಪಸ್ವಲ್ಪವಾಗಿ ಕೊಡುತ್ತಿದ್ದವು. ಅಂಥ ಮನೆಯವನಿಗೆ ನಾರನ್ನು ನೆನೆಸುವುದು ಹೇಗೆಂದು ಹನ್ನೊಂದು ವರ್ಷದ ಹುಡುಗ ಹೇಳಿಕೊಡಬೇಕೆ?

ಹೇಳಿಕೊಡಲು ಅವನು ಬಂದಿದ್ದ. ಶಾಲೆಗೆ ರಜೆ, ಸೊಸೆಯ ಅಣ್ಣನ ಮನೆಗೆ ಎಲ್ಲರೂ ಎಂಟು ದಿನ ಹೊರಟಿದ್ದರು. ಮಂಡಿನೋವಿನ ನೆವ ಹೇಳಿ ನಾನು ಉಳಿದೆ. ಹುಡುಗ ಒಂದು ಕಾಗದದಲ್ಲಿ ನಿಯಮಗಳನ್ನು ಬರೆದು ತೊಟ್ಟಿಗೆ ಅಂಟಿಸಿದ.

“ತಾತ, ಊಟದ ಯೋಚನೆ ಬೇಡ. ನಿನ್ನೆ ಎರೆಹುಳು ತಿಂದಿದ್ದಾನೆ, ವಾರ ಸಾಕು. ನೀರು ಮಾತ್ರ ನೋಡ್ಕೋಬೇಕು. ನಲ್ಲಿ ನೀರು ಹಾಗೇ ಹಾಕ್ಬೇಡ. ಈ ಬಾಟ್ಲಿ ಔಷಧಿ ಬೆರೆಸಿದ ನೀರೇ ಹಾಕು.”

“ರಾತ್ರಿ ಪಾತ್ರೆಯಲ್ಲಿ ಹಿಡಿದಿಟ್ಟರೆ ಕ್ಲೋರಿನ್ ಹೋಗುತ್ತದಲ್ಲ ಮರಿ?”

“ಇಲ್ಲಿ ಹಾಕೋದು ಕ್ಲೋರಮೈನ್ ತಾತ. ಅದು ಹಾಗೆ ಹೋಗಲ್ಲ. ಗುಂಡ ಬಾಯಲ್ಲಿ ನೀರು ಕುಡಿಯಲ್ಲ, ಚರ್ಮದಲ್ಲೇ ಕುಡೀತಾನೆ. ನೀರಲ್ಲಿರೋದೆಲ್ಲ ಒಳಗೆ ಹೋಗುತ್ತೆ.”

ಇದು ನನಗೆ ಹೊಸದು. ಕಪ್ಪೆಯ ಹೊಟ್ಟೆಯ ಕೆಳಭಾಗದಲ್ಲಿ, ತೊಡೆಗಳ ಹತ್ತಿರ, ತೆಳುವಾದ ಚರ್ಮವಿದೆ. ಅದರ ಕೆಳಗೆ ರಕ್ತನಾಳಗಳು ದಟ್ಟವಾಗಿವೆ. ಒದ್ದೆ ನೆಲದ ಮೇಲೆ ಹೊಟ್ಟೆಯೊತ್ತಿ ಕುಳಿತರೆ ಅದೇ ಅದರ ನೀರು ಕುಡಿಯುವ ಕ್ರಮ. ಉಸಿರಾಟದಲ್ಲಿಯೂ ಒಂದು ಪಾಲು ಚರ್ಮದ್ದೇ. ಚರ್ಮ ತೇವವಾಗಿದ್ದರೆ ಮಾತ್ರ ಅದು ನಡೆಯುತ್ತದೆ. ಆದ್ದರಿಂದ ನಮಗೆ ಹಾಸಿಗೆಯಾದದ್ದು ಅದಕ್ಕೆ ಹಾಸಿಗೆ, ನೀರಿನ ಚೊಂಬು ಎರಡೂ ಹೌದು.

“ಕೊನೇ ರೂಲು ಮುಖ್ಯ ತಾತ. ದಿನಾ ಒಂದು ಹಿಡಿ ತೆಗೆದು ಹಿಂಡಿ ನೋಡು. ಉಂಡೆ ಆಗಬೇಕು. ಎರಡು-ಮೂರು ಹನಿ ಬಿದ್ದರೆ ಸರಿ. ಧಾರೆ ಬಿದ್ದರೆ ಜಾಸ್ತಿ. ಪುಡಿಯಾದರೆ ಕಮ್ಮಿ.”

“ಆಗಲಿ” ಎಂದೆ. ಕಪ್ಪೆ ಕುಳಿತ ನಾರನ್ನು ಕೈಯಲ್ಲಿ ಹಿಡಿದು ಹಿಂಡುವ ಇರಾದೆ ನನಗಿರಲಿಲ್ಲ.

ಅವರು ಹೊರಟ ಮೇಲೆ ನನ್ನ ದಾನಬುದ್ಧಿ ಕೆರಳಿತು. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಎತ್ತರದ ಊರು. ಮಳೆ ಹಿಮ ಸೇರಿ ವರ್ಷಕ್ಕೆ ಸುಮಾರು 15 ಅಂಗುಲ. ನಮ್ಮ ಚಳ್ಳಕೆರೆಯ ಕಡೆ ಬೀಳುವುದಕ್ಕಿಂತಲೂ ಕಡಿಮೆ. ಚಳಿಗಾಲದಲ್ಲಿ ಮನೆಯೊಳಗೆ ಬಿಸಿಗಾಳಿ ಬೀಸುವ ಯಂತ್ರ ಹಗಲಿರುಳೂ ನಡೆಯುತ್ತದೆ. ನನ್ನ ತುಟಿ ಒಡೆದಿತ್ತು, ಹಿಮ್ಮಡಿ ಬಿರಿದಿತ್ತು. ನನಗೇ ಹೀಗಾದರೆ ಪಾಪ, ಕಪ್ಪೆಯ ಗತಿಯೇನು ಎಂದು ತುಳಸಿಗೆ ಎರೆಯುವಂತೆ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಎರೆದೆ. ಮೂರನೆಯ ದಿನ ತೊಟ್ಟಿಯಿಂದ ಕೆಟ್ಟ ವಾಸನೆ ಬಂದಿತು. ತಳದಲ್ಲಿ ಕರಿಯ ನೀರು ನಿಂತಿತ್ತು. ಗುಂಡ ಹಾಸು ಬಿಟ್ಟು ನೀರಿನ ಬಟ್ಟಲಿನ ಅಂಚಿನ ಮೇಲೆ ಹತ್ತಿ ಕುಳಿತಿದ್ದ. ಅವನದೇ ಹೊಲಸು ನೀರಿನಲ್ಲಿ ಕಲಸಿ, ಅದೇ ನೀರನ್ನು ಅವನ ಚರ್ಮ ಕುಡಿಯಬೇಕಾಗಿತ್ತು. ಅಂಥ ಕೆಸರಿನಲ್ಲಿ ಬಿಟ್ಟರೆ ಕಪ್ಪೆಗಳಿಗೆ ಹೊಟ್ಟೆ ತೊಡೆ ಕೆಂಪಾಗುವ ಸೋಂಕು ತಗಲುತ್ತದೆಂದು ಹುಡುಗನ ಪುಸ್ತಕದಲ್ಲಿ ಓದಿ ನಡುಗಿದೆ.

ನೀರು ಬಸಿದೆ. ಹಳೆಯ ನಾರನ್ನು ಎಸೆದು, ಹೊಸ ಇಟ್ಟಿಗೆಯನ್ನು ಅರ್ಧ ನೆನೆಸಿ ಹಾಕಿದೆ. ವಾಸನೆ ಹೋಗಲೆಂದು ಮುಚ್ಚಳ ತೆರೆದಿಟ್ಟೆ. ಇನ್ನು ನೀರಿನ ತಂಟೆಯೇ ಬೇಡ, ಮಾಪಕ ನೋಡಿಕೊಂಡಿದ್ದರೆ ಸಾಕೆಂದು ನಿರ್ಧರಿಸಿದೆ. ತೇವ 60ರಿಂದ 80ರ ನಡುವೆ ಇರಬೇಕೆಂದು ಕಾಗದದಲ್ಲಿ ಬರೆದಿತ್ತು. ಮುಳ್ಳು 78ರಲ್ಲಿತ್ತು. ಮರುದಿನವೂ 78, ಅದರ ಮರುದಿನವೂ 78. ನನ್ನ ಆಡಳಿತದ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಏಳನೆಯ ದಿನ ಸಂಜೆ ಕನ್ನಡಕ ಒರೆಸಿ ನೋಡಿದಾಗ ತಿಳಿಯಿತು: ನಾನು ಓದುತ್ತಿದ್ದದ್ದು ಉಷ್ಣತೆಯ ಮುಳ್ಳು. 78 ಡಿಗ್ರಿ ಫ್ಯಾರನ್‌ಹೀಟ್! ಪಕ್ಕದ ತೇವದ ಮುಳ್ಳು 30ಕ್ಕೆ ಇಳಿದಿತ್ತು. ಹಾಸಿಗೆ ಬೆರಳು ತಾಗಿಸಿದರೆ ನಶ್ಯದಂತೆ ಹಾರಿತು. ಗುಂಡ ಮೂಲೆಯಲ್ಲಿ ಕಣ್ಣು ಮುಚ್ಚಿ ಮುದುರಿದ್ದ. ಹೊಳೆಯುವ ಮೈ ಬೂದಿ ಬಣ್ಣಕ್ಕೆ ತಿರುಗಿ, ನಾರಿನ ಪುಡಿ ಅಲ್ಲಲ್ಲಿ ಅಂಟಿತ್ತು. ಮುಟ್ಟಿದರೂ ಅಲುಗಲಿಲ್ಲ.

ಫೋನು ಮಾಡುವುದೋ ಬೇಡವೋ ಎಂದು ಐದು ನಿಮಿಷ ಕುಳಿತೆ. ನಾಳೆ ಅವರು ಬರುತ್ತಾರೆ, ‘ವಯಸ್ಸಾಗಿತ್ತೇನೋ’ ಎಂದುಬಿಡಬಹುದು. ಈ ಯೋಚನೆ ನನ್ನ ತಲೆಯಲ್ಲಿ ಬಂದಿತೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬಂದಿತು. ಆ ಹುಡುಗ ನನ್ನನ್ನು ನಂಬಿ ಒಪ್ಪಿಸಿಹೋದದ್ದು ಇದೊಂದನ್ನೇ. ಫೋನು ಮಾಡಿದೆ.

ತೆರೆಯ ಮೇಲೆ ಅವನ ಮುಖ ಬಂದಿತು. ನಾನು ಎಲ್ಲವನ್ನೂ ಹೇಳಿದೆ. ಅವನ ಗಂಟಲು ಕಟ್ಟಿತ್ತು, ಆದರೂ ಗದರಲಿಲ್ಲ. “ತಾತ, ಕೈ ತೊಳ್ಕೋ. ಔಷಧಿ ಬೆರೆಸಿದ ನೀರು, ಸ್ವಲ್ಪ ಬೆಚ್ಚಗೆ. ತಟ್ಟೇಲಿ ಅವನ ಗಲ್ಲದವರೆಗೆ ಮಾತ್ರ. ಮೂಗು ಮುಳುಗಬಾರದು.”

ಮೊದಲ ಬಾರಿಗೆ ಗುಂಡನನ್ನು ಎರಡು ಕೈಯಲ್ಲಿ ಎತ್ತಿಕೊಂಡೆ. ಎಷ್ಟು ಹಗುರ! ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ‘ಕಪ್ಪೆಶಂಕರ’ನ ಕೆತ್ತನೆಯಿದೆ. ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಬಿಸಿಲು ತಾಗದಿರಲೆಂದು ಸರ್ಪವೊಂದು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ಕಂಡು ಶಂಕರಾಚಾರ್ಯರು ಆ ಸ್ಥಳವನ್ನು ಆರಿಸಿಕೊಂಡರೆಂದು ಐತಿಹ್ಯ. ಎಷ್ಟೋ ಸಲ ಅದಕ್ಕೆ ಕೈಮುಗಿದು ಮುಂದೆ ಹೋಗಿದ್ದೇನೆ. ಹಾವಿಗಿದ್ದ ವಿವೇಚನೆ ನನಗಿರಲಿಲ್ಲವಲ್ಲ ಎನ್ನಿಸಿತು.

ಹತ್ತು ನಿಮಿಷ, ಹದಿನೈದು ನಿಮಿಷ. ಇಬ್ಬರೂ ಮಾತಾಡಲಿಲ್ಲ. ಅರ್ಧ ಗಂಟೆಯ ಹೊತ್ತಿಗೆ ಗುಂಡನ ಗಂಟಲಿನ ಕೆಳಗೆ ಮಿಡಿತ ಜೋರಾಯಿತು. ಒಂದು ಕಣ್ಣು ತೆರೆಯಿತು. ಆಮೇಲೆ ಹಿಂಗಾಲಿನಿಂದ ಒದ್ದು ನನ್ನ ಮುಖಕ್ಕೆ ನೀರು ಚಿಮ್ಮಿಸಿದ. ಅಲ್ಲಿಂದ ಹುಡುಗ ನಕ್ಕ. ಇಲ್ಲಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ, ನೀರು ಬಿದ್ದಿತ್ತಲ್ಲ!

“ಈಗ ಹಾಸು ಕಲಸು ತಾತ. ಹಿಂಡು. ಎಷ್ಟು ಹನಿ?”

“ಧಾರೆ.”

“ಒಣ ಪುಡಿ ಸೇರಿಸು. ಈಗ?”

“ಮೂರು ಹನಿ.”

“ಸಾಕು. ಮುಚ್ಚಳ ಹಾಕು.”

ಅಂಗೈಯಲ್ಲಿ ನಾರಿನ ಉಂಡೆ ನಿಂತಿತ್ತು, ತಂಪಾಗಿ, ಹಗುರವಾಗಿ. ನಾನು ಮೊದಲು ಸುರಿದದ್ದೂ ಆಮೇಲೆ ನಿಲ್ಲಿಸಿದ್ದೂ ಗುಂಡನಿಗಾಗಿ ಎಂದೇ ನಂಬಿದ್ದೆ. ನಿಜವಾಗಿ ಎರಡೂ ನನ್ನ ಅನುಕೂಲಕ್ಕೆ. ಕೈಹಾಕಿ ಮುಟ್ಟಿ ನೋಡುವ ಕೆಲಸ ತಪ್ಪಲಿ ಎಂದು. ಮಗನ ಹಾಸಿಗೆಯ ಕಾಲದಿಂದಲೂ ನನ್ನದು ಇದೇ ಅಭ್ಯಾಸ.

ಮರುದಿನ ಹುಡುಗ ಬಂದವನೇ ಬೂಟು ಸಹ ಬಿಚ್ಚದೆ ತೊಟ್ಟಿಗೆ ಕೈಹಾಕಿ ಒಂದು ಹಿಡಿ ಹಿಂಡಿ ನೋಡಿ, ತಲೆಯಾಡಿಸಿದ. ಆಮೇಲೆ ನನ್ನ ಹಿಮ್ಮಡಿ ಅವನ ಕಣ್ಣಿಗೆ ಬಿದ್ದಿತು. ಒಳಗಿನಿಂದ ವ್ಯಾಸಲೀನ್ ಡಬ್ಬಿ ತಂದು, “ನೀನೂ ಒಣಗಿದ್ದೀಯ ತಾತ” ಎಂದು ನೆಲದ ಮೇಲೆ ಕುಳಿತು ಹಚ್ಚಿದ.

ನಾನು ಊರಿಗೆ ಮರಳಿದ್ದೇನೆ. ಭಾನುವಾರ ಅವನ ಫೋನು ಬರುತ್ತದೆ. ಶಾಲೆ, ಚಳಿ, ಊಟ ಎಲ್ಲ ಆಮೇಲೆ. ಮೊದಲು ನಾನು ಕೇಳುತ್ತೇನೆ: “ಎಷ್ಟು ಹನಿ ಮರಿ?”

“ಮೂರು ತಾತ.”