ಮುನ್ನೂರು ಅಂಕೆಗಳ ತಂಬೂರಿ

ಕೊಚ್ಚಿಯಲ್ಲಿ ಮಳೆ ಹಿಡಿದರೆ ಸಂಜೆಗಳು ಉದ್ದವಾಗುತ್ತವೆ. ಕಾಕ್ಕನಾಡಿನ ಬಾಡಿಗೆ ಮನೆಯಲ್ಲಿ ಕೂತು, ಪೈಥಾನ್‌ನಲ್ಲಿ ನಾದ ಹುಟ್ಟಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಈ ವಿದ್ಯೆಗೆ ಕೇರಳದಲ್ಲಿ ಹಿರಿಯರೂ ಇದ್ದಾರೆ. ಬೆಂಗಳೂರಿನ ಸಿಂಪ್ಯೂಟರ್ ಎಂಬ ಕೈಗಣಕಕ್ಕೆಂದು ಹುಟ್ಟಿದ ‘ಧ್ವನಿ’ ತಂತ್ರಾಂಶವನ್ನು ಮುಂದೆ ಬೆಳೆಸಿದವರು ಇಲ್ಲಿನ ಸಂತೋಷ್ ತೋಟ್ಟಿಂಗಲ್. ಅದು ಮಲಯಾಳವನ್ನೂ ಓದಿ ಹೇಳುತ್ತದೆ, ಕನ್ನಡವನ್ನೂ. ಆದರೆ ಅದು ಮೊದಲೇ ಮುದ್ರಿಸಿಟ್ಟ ದನಿಯ ತುಣುಕುಗಳನ್ನು ಪೋಣಿಸುವ ಬಗೆ. ನನಗೆ ಬೇಕಿದ್ದದ್ದು ಬರಿಯ ಅಂಕೆಗಳಿಂದ ಒಂದು ತಂಬೂರಿ.

ಸಿಡಿಯ ಲೆಕ್ಕದಲ್ಲಿ ಒಂದು ಸೆಕೆಂಡಿನ ಸದ್ದೆಂದರೆ 44,100 ಅಂಕೆ. ಮೀಟಿದ ತಂತಿಯ ನಾದ ಹುಟ್ಟಿಸಲು ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬಿಬ್ಬರು 1983ರಲ್ಲಿ ಪ್ರಕಟಿಸಿದ ಉಪಾಯ ಬಹಳ ಸರಳ: ಮನಸ್ಸಿಗೆ ಬಂದಂತೆ 300 ಅಂಕೆ ಚೆಲ್ಲಿ, ಅವನ್ನು ಸುತ್ತ ತಿರುಗಿಸುತ್ತ, ಪ್ರತಿ ಸುತ್ತಿನಲ್ಲೂ ಅಕ್ಕಪಕ್ಕದ ಎರಡರ ಸರಾಸರಿಯನ್ನು ಆ ಜಾಗದಲ್ಲಿಡಬೇಕು. ಮೊದಲು ‘ಚರ್’ ಎನ್ನುವ ಗದ್ದಲ, ಮರುಕ್ಷಣ ಮೀಟಿದ ತಂತಿ! ಸೆಕೆಂಡಿಗೆ ಸುಮಾರು 147 ಸುತ್ತು. ಗಂಡಸರ ಎರಡು ಮನೆ ಶ್ರುತಿಯ ಷಡ್ಜ. ಅಂಕೆಗಳನ್ನು 200ಕ್ಕೆ ಇಳಿಸಿದರೆ ಪಂಚಮ. ಷಡ್ಜ ಪಂಚಮಗಳ ಎರಡು–ಮೂರರ ನಂಟನ್ನು ಪುಸ್ತಕದಲ್ಲಿ ಓದುವುದು ಬೇರೆ, ಒಂದು ಸಾಲು ತಿದ್ದಿ ಕಿವಿಯಾರೆ ಕೇಳುವುದೇ ಬೇರೆ.

ಆದರೂ ಅದು ಗಿಟಾರಿನ ನಾದ. ತಂಬೂರಿಗೆ, ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯಡಿ ನೂಲೆಳೆ ಸೇರಿಸಿ ಜೀವ ಕೊಡುತ್ತಾರಲ್ಲ, ಆ ಜೀವ ಇಲ್ಲಿ ಬಂದಿಲ್ಲ. ತಂತಿಯನ್ನು ನಟ್ಟನಡುವೆ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಕೂಡದೆಂಬುದು ಶಾಸ್ತ್ರ. ತಂಬೂರಿ, ವೀಣೆಗಳಲ್ಲಿ ಅವೂ ಕೇಳುತ್ತವೆ, ಬಾಗಿದ ಅಗಲ ಕುದುರೆಯೇ ಕಾರಣ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದರು. ಹಾಗಾದರೆ ಪೈಥಾನ್ ಕೋಡಿನಲ್ಲೂ ತಂತಿ ಕೆಳಗಿಳಿದಾಗ ಕುದುರೆಗೆ ತಾಗಿ ಉದ್ದ ಒಂದಿಷ್ಟು ಕುಗ್ಗಲಿ. 300 ಎಂಬುದು ಕ್ಷಣಕ್ಷಣಕ್ಕೂ ತುಸು ಅಲುಗಲಿ. ಆಗ ಝೇಂಕಾರ ಏಳುತ್ತದೆ. ತಲೆಮಾರುಗಳಿಂದ ತಂಬೂರಿ ಮಾಡುತ್ತ ಬಂದ ಬಡಗಿಗಳ ಮೇಲೆ ಆ ಹೊತ್ತು ಹುಟ್ಟುವ ಗೌರವ ದೊಡ್ಡದು.

ನಾದ ಹುಟ್ಟಿದರೆ ಸಾಲದು, ಅದಕ್ಕೊಂದು ಮನೆ ಬೇಕು. ಯಾವುದೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ಮುದ್ರಿಸಿಕೊಂಡರೆ, ಅಲ್ಲಿನ ಮರುದನಿಯನ್ನು ತಂಬೂರಿಗೆ ಬೆಸೆಯಬಹುದು. ನನಗೆ ಆಸೆಯಿರುವುದು ತಿರುವನಂತಪುರದ ನವರಾತ್ರಿ ಮಂಟಪದ ಮೇಲೆ. ಕನ್ನಡದಲ್ಲೂ ರಚನೆ ಮಾಡಿದ ಅರಸ ಸ್ವಾತಿ ತಿರುನಾಳರ ಕೃತಿಗಳನ್ನು ಹಾಡುವ ಆ ಮಂಟಪದಲ್ಲಿ, ನಾದಕ್ಕೆಂದೇ ಮಣ್ಣಿನ ಮಡಕೆಗಳನ್ನು ಚಾವಣಿಯಿಂದ ಬೋರಲಾಗಿ ತೂಗಹಾಕಿದ್ದಾರೆ. ಆದರೆ ಅಲ್ಲಿ ಚಪ್ಪಾಳೆ ತಟ್ಟುವ ಪದ್ಧತಿಯಿಲ್ಲ. ಎದುರು ಕೂತೇ ಕೇಳಬೇಕು. ಈ ನವರಾತ್ರಿಗೆ ಎರ್ನಾಕುಲಂನಿಂದ ವಂಚಿನಾಡ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.